ಗೇರ್‌ಬಾಕ್ಸ್ ಎರಡು ಸಲ ಇಳಿಯಿತು

ಕೂಲಿಯಲ್ಲಿ 800 ರೂಪಾಯಿ ಇಳಿಸಿ ಗೆದ್ದೆನೆಂದು ಬೀಗಿದ್ದೆ. ಐದು ತಿಂಗಳಾದ ಮೇಲೆ ಅದೇ ಗ್ಯಾರೇಜಿನ ಅದೇ ಸ್ಟೂಲಿನ ಮೇಲೆ ಕೂತು, ಅದೇ ಗೇರ್‌ಬಾಕ್ಸ್ ಮತ್ತೊಮ್ಮೆ ಕೆಳಗಿಳಿಯುವುದನ್ನು ನೋಡಬೇಕಾಯಿತು.

ನನ್ನದು ಹನ್ನೊಂದು ವರ್ಷದ ವ್ಯಾಗನ್‌ಆರ್. ಆನಂದರಾವ್ ವೃತ್ತದ ಮೇಲ್ಸೇತುವೆ ಹತ್ತುವಾಗ ಎಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಕ್ಲಚ್ ಹೋಗಿದೆ ಎಂದು ಹೇಳಲು ಮೆಕ್ಯಾನಿಕ್ಕೇ ಬೇಕಿರಲಿಲ್ಲ. ಮೊದಲು ಒಂದು ಕಂಪನಿ ಸರ್ವೀಸ್ ಸೆಂಟರಿಗೆ ಹೋದೆ. ಎಸ್ಟಿಮೇಟಿನಲ್ಲಿ ಸಾಮಾನಿನ ಬೆಲೆ ಬಿಟ್ಟು ಲೇಬರ್ ಒಂದಕ್ಕೇ ನಾಲ್ಕು ಸಾಲು. ಗೇರ್‌ಬಾಕ್ಸ್ ಇಳಿಸಿ ಏರಿಸಲು 3,600, ಕ್ಲಚ್ ಬದಲಿಸಲು 1,200, ರಿಲೀಸ್ ಬೇರಿಂಗ್ ಬದಲಿಸಲು 450, ಗೇರ್ ಆಯಿಲ್ ಬದಲಿಸಲು 350. ಒಟ್ಟು 5,600; ಶೇ 18 ಜಿಎಸ್‌ಟಿ ಸೇರಿ 6,608. ಅದರ ಕೆಳಗೆ, ನಾನು ಕೇಳದೇ ಇದ್ದ ಡಿಕಾರ್ಬನೈಸಿಂಗ್, 2,499.

ಅಲ್ಲಿಂದ ಎದ್ದು ಉಪ್ಪಾರಪೇಟೆಗೆ ಬಂದೆ. ಮೆಜೆಸ್ಟಿಕ್ಕಿನ ಲಾಡ್ಜುಗಳ ಬೆನ್ನಿಗೆ ಅಂಟಿಕೊಂಡ ಗಲ್ಲಿಯಲ್ಲಿ, ಮೂರು ಕಾರು ನಿಲ್ಲಿಸಿದರೆ ನಾಲ್ಕನೆಯದು ರಸ್ತೆಗೆ ಬರುವಂಥ ಗ್ಯಾರೇಜು. ಮೇಸ್ತ್ರಿ ಕೂಲಿ 2,800 ಎಂದರು. ಕಂಪನಿಯವರು ಕೇಳಿದ್ದರ ಅರ್ಧ. ಅಲ್ಲಿಗೇ ಒಪ್ಪಬೇಕಿತ್ತು. ನಾನು ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವವನಂತೆ ಎಳೆದಾಡಿ 2,000ಕ್ಕೆ ಇಳಿಸಿದೆ. ಸಾಲದ್ದಕ್ಕೆ ಪಟ್ಟಿಯಲ್ಲಿದ್ದ ರಿಲೀಸ್ ಬೇರಿಂಗು (780), ಆಯಿಲ್ ಸೀಲು (260) ಎರಡನ್ನೂ ಹೊಡೆದು ಹಾಕಿಸಿದೆ.

“ಹಾಕಿಸ್ಬಿಡಿ ಸಾರ್, ಹೆಂಗೂ ಇಳಿಸ್ತೀವಲ್ಲ” ಎಂದರು ಮೇಸ್ತ್ರಿ.

“ಸದ್ದೇನೂ ಇಲ್ವಲ್ಲ?” ಎಂದೆ.

ಸದ್ದು ಐದು ತಿಂಗಳಿಗೆ ಬಂತು. ಕ್ಲಚ್ ತುಳಿದಾಗಲೆಲ್ಲ ಕಿರ್ರ್ ಎಂದು. 780 ರೂಪಾಯಿಯ ಬೇರಿಂಗಿಗಾಗಿ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಯಿತು. ಕೂಲಿ 2,800 (ಈ ಸಲ ಬಾಯಿ ಬಿಡಲಿಲ್ಲ), ಬೇರಿಂಗು ಸೀಲು 1,040, ಹೊಸ ಗೇರ್ ಆಯಿಲ್ 700, ಎರಡು ದಿನದ ಆಟೊ 640, ಒಟ್ಟು 5,180. ಮೊದಲ ಸಲ ಉಳಿಸಿದ್ದು 1,840. ನನ್ನ ಜಾಣತನಕ್ಕೆ ಬಿದ್ದ ಬೆಲೆ 3,340 ರೂಪಾಯಿ.

ಹಾಗಾದರೆ ಆ 2,800 ನ್ಯಾಯವಾದ ಕೂಲಿಯೇ? ಎರಡನೇ ಸಲ ಕಾಯುತ್ತ ಕೂತಾಗ ಬೈಟು ಕಾಫಿ ತರಿಸಿ ಮೇಸ್ತ್ರಿಯವರನ್ನೇ ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಬಿಲ್ಲಿನ ಹಿಂದೆ ಬರೆದುಕೊಂಡೆ. ತಿಂಗಳ ಬಾಡಿಗೆ 35,000. ಇಬ್ಬರು ಮೆಕ್ಯಾನಿಕ್‌ಗಳಿಗೆ 28,000 ಮತ್ತು 22,000. ಹುಡುಗನಿಗೆ 12,000. ಕರೆಂಟು, ಜಾಕು, ಪಾನಾ, ಚಿಲ್ಲರೆ ಖರ್ಚು 13,000. ಒಟ್ಟು 1,10,000. ಇನ್ನು ಗಂಟೆಗಳ ಲೆಕ್ಕ. ಇಬ್ಬರು, 26 ದಿನ, ದಿನಕ್ಕೆ ಎಂಟು ಗಂಟೆ ಎಂದರೆ 416. ಆದರೆ ಅಷ್ಟೂ ಗಂಟೆ ಗಾಡಿಯ ಕೆಳಗೆ ಇರುವುದಿಲ್ಲ. ಜೆ.ಸಿ. ರಸ್ತೆಗೆ ಸಾಮಾನು ತರಲು ಹೋಗುವುದು, ಸಾಮಾನು ಬರಲಿಲ್ಲವೆಂದು ಕಾಯುವುದು, ನನ್ನಂಥವರ ಜೊತೆ ಚೌಕಾಸಿಗೆ ನಿಲ್ಲುವುದು ಎಲ್ಲ ಕಳೆದರೆ ನೂರಕ್ಕೆ ಅರವತ್ತು, ಅಂದರೆ 250 ಗಂಟೆಗೆ ಮಾತ್ರ ಕಾಸು ಹುಟ್ಟುತ್ತದೆ. 1,10,000ವನ್ನು 250ರಿಂದ ಭಾಗಿಸಿದರೆ ಗಂಟೆಗೆ 440.

“ನನ್ನ ಹೊಟ್ಟೆಪಾಡು ಸಾರ್?” ಎಂದರು ಮೇಸ್ತ್ರಿ. ಹೌದಲ್ಲ! ಮಾಲೀಕನ ಮನೆಗೆ 40,000 ಎಂದಿಟ್ಟರೆ ಗಂಟೆಗೆ ಇನ್ನೂ 160. ಅಲ್ಲಿಗೆ 600. ಕ್ಲಚ್ ಕೆಲಸಕ್ಕೆ ನಾಲ್ಕೂವರೆ ಗಂಟೆ. ನಾನೇ ಗಡಿಯಾರ ನೋಡಿದ್ದೆ. ಗುಣಿಸಿದರೆ 2,700. ಅವರು ಕೇಳಿದ್ದು 2,800.

ಅಂದರೆ 2,000 ಕೊಟ್ಟಾಗ ಅವರ ಮನೆಯ ಪಾಲು ಪೂರ್ತಿ ತಿಂದಿದ್ದೆ. ಹಾಗೆ ತಿಂದದ್ದು ಎಲ್ಲೋ ಒಂದು ಕಡೆ ಹೊರಬರಲೇಬೇಕು. ಜೆ.ಸಿ. ರಸ್ತೆಯಲ್ಲಿ ಮೆಕ್ಯಾನಿಕ್‌ಗಳಿಗೆ ರಿಯಾಯಿತಿ ಉಂಟು, ನಮಗೆ ಬಿಲ್ಲು ಬರುವುದು ಎಂಆರ್‌ಪಿಗೆ. ಕೂಲಿ ಹಿಂಡಿದರೆ ನಾಳೆ ಒರಿಜಿನಲ್ ಡಬ್ಬದಲ್ಲಿ ಡೂಪ್ಲಿಕೇಟ್ ಪ್ಲೇಟು ಬಂದರೂ ಬರಬಹುದು. ನನ್ನ ಮೇಸ್ತ್ರಿ ಹಾಗೆ ಮಾಡಲಿಲ್ಲ, ಹಳೆಯ ಪ್ಲೇಟನ್ನು ಹೊಸದರ ಡಬ್ಬದಲ್ಲೇ ಹಾಕಿ ಡಿಕ್ಕಿಗಿಟ್ಟಿದ್ದರು.

ಅದೇ ಅಳತೆಯನ್ನು ಕಂಪನಿಯ ಎಸ್ಟಿಮೇಟಿಗೆ ಹಿಡಿಯಿರಿ. 5,600ನ್ನು ನಾಲ್ಕೂವರೆಯಿಂದ ಭಾಗಿಸಿದರೆ ಗಂಟೆಗೆ 1,244. ಏಸಿ ಹಾಲು, ಲಿಫ್ಟು, ಮಾಡಿದ ಕೆಲಸಕ್ಕೆ ವಾರಂಟಿ. ಗಂಟೆಯ ದರ ಇಮ್ಮಡಿಯಾದರೆ ನನಗೆ ತಕರಾರಿಲ್ಲ. ತಕರಾರಿರುವುದು ಕೊನೆಯ ಎರಡು ಸಾಲಿಗೆ. ಗೇರ್‌ಬಾಕ್ಸ್ ಕಳಚಿದ ಮೇಲೆ ಬೇರಿಂಗು ಕೈಗೇ ಸಿಗುತ್ತದೆ, ಹಳೆಯದು ಎಳೆದು ಹೊಸದು ತೂರಿಸಿದರಾಯಿತು. ಆಯಿಲ್ಲಂತೂ ಇಳಿಸುವ ಮೊದಲೇ ಸೋರಿಸಿರುತ್ತಾರೆ. ಇವಕ್ಕೆ ಬೇರೆ 800 ರೂಪಾಯಿ ಕೂಲಿ ಎಂದರೆ ಮಸಾಲೆ ದೋಸೆಗೆ ದುಡ್ಡು ತೆಗೆದುಕೊಂಡು ಮಡಚಿದ್ದಕ್ಕೆ ಬೇರೆ ಬಿಲ್ಲು ಹಾಕಿದಂತೆ. ಒಂದೇ ಬಿಚ್ಚುವಿಕೆಗೆ ಎಷ್ಟು ಸಾಲು ಕೂಲಿ ಬಿದ್ದಿದೆ ಎಂದು ಎಣಿಸಬೇಕಿತ್ತು. ನಾನು ಒಟ್ಟು ಮೊತ್ತ ನೋಡಿ ಎದ್ದುಬಂದೆ.

ಆ ಡಿಕಾರ್ಬನೈಸಿಂಗಿನ ಬಗ್ಗೆ ಬರೆಯುವಷ್ಟು ತಾಳ್ಮೆ ನನಗಿಲ್ಲ. ಪಿಕಪ್ ಕುಗ್ಗಿಲ್ಲ, ಹೊಗೆಯಿಲ್ಲ, ಮೈಲೇಜ್ ಇಳಿದಿಲ್ಲ, ಯಾವ ಪರೀಕ್ಷೆಯನ್ನೂ ಮಾಡಿಲ್ಲ. ಏನನ್ನು ನೋಡಿ ಬರೆದಿರಿ ಎಂದರೆ “ಎಲ್ಲರಿಗೂ ರೆಕಮೆಂಡ್ ಮಾಡ್ತೀವಿ ಸಾರ್” ಎಂಬ ಉತ್ತರ. ಗಾಡಿಯ ಜೊತೆ ಬಂದ ಪುಸ್ತಕದ ಸರ್ವೀಸ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಇಂಥದ್ದನ್ನೇ ನಾಲ್ಕು ಕಟ್ಟಿ ‘ವಾರ್ಷಿಕ ಪ್ಯಾಕೇಜು’ ಎಂದು ಮಾರುತ್ತಾರೆ, ಕೊಳ್ಳಬೇಡಿ.

ಹೊರಗಿನ ಗ್ಯಾರೇಜಿಗೆ ಒರಿಜಿನಲ್ ಸಾಮಾನು ಸಿಗುವುದೂ ತಾನಾಗಿ ಬಂದ ಸೌಕರ್ಯವಲ್ಲ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲವೆಂದು ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ಹಾಕಿತ್ತು. ಕೆಲವರು ಮೇಲ್ಮನವಿಗೆ ಹೋದರು. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇನ್ನೂ 28 ಕಂಡರೆ ಅಲ್ಲೇ ಬೆರಳಿಟ್ಟು ಕೇಳಿ.

ಕ್ಲಚ್ ಬೇಗ ಸವೆದದ್ದಕ್ಕೆ ಮೇಸ್ತ್ರಿ ಹೇಳಿದ ಕಾರಣ ಮಾತ್ರ ನನಗೆ ಹಿಡಿಸಲಿಲ್ಲ. “ಸಿಗ್ನಲ್‌ನಲ್ಲಿ ಕಾಲು ಕ್ಲಚ್ ಮೇಲೇ ಇಟ್ಕೊಂಡಿರ್ತೀರಾ ಸಾರ್.” ಮೆಜೆಸ್ಟಿಕ್ಕಿನಿಂದ ಚಾಮರಾಜಪೇಟೆಯವರೆಗೆ ಗಮನಿಸಿದೆ. ಇಟ್ಟುಕೊಂಡೇ ಇರುತ್ತೇನೆ. ಅರ್ಧ ಕ್ಲಚ್ಚಿನಲ್ಲಿ ತೆವಳುವುದು, ಏರಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನಿಂದಲೇ ಗಾಡಿ ಹಿಡಿಯುವುದು. ಪ್ಲೇಟನ್ನೂ ಬೇರಿಂಗನ್ನೂ ತಿಂದದ್ದು ಇವೇ. ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಮಕ್ಕಳಿಗೆ ಕಾರು ಕಲಿಸುವವರು ಮೊದಲ ದಿನವೇ ಇದನ್ನು ಕಲಿಸಿ. ನನ್ನ ಮಗಳಿಗೆ ಹೇಳಿದರೆ ಅವಳು ನನ್ನ ಎಡಗಾಲನ್ನೇ ನೋಡುತ್ತಾಳೆ.

ಹೋದ ತಿಂಗಳು ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿದೆವು. ಮುಕ್ಕಾಲು ಗಂಟೆಯ ಕೆಲಸ, ಕೂಲಿ 450 ಎಂದರು. ಚೌಕಾಸಿ ಮಾಡಲಿಲ್ಲ. ಚಕ್ರ ಹೇಗೂ ಬಿಚ್ಚಿದೆಯಲ್ಲ, ಇನ್ನೇನಾದರೂ ಸವೆದಿದೆಯಾ ನೋಡಿ ಎಂದೆ. ಮೇಸ್ತ್ರಿ ಡಿಸ್ಕಿನ ಮೇಲೆ ಬೆರಳಾಡಿಸಿ, “ಏನೂ ಬೇಡ ಸಾರ್” ಎಂದು ಚಕ್ರ ಹಾಕಿದರು.