ಸಿಗ್ನಲ್ ಎರಡೇ ಕಡ್ಡಿ ಇದೆಯಾ? ಕೋರ್ಸ್ ಮುಗಿಸಿ!

‘ನಮ್ಮೂರಲ್ಲಿ ನೆಟ್ ಬರಲ್ಲ, ಆನ್‌ಲೈನ್ ಕೋರ್ಸೆಲ್ಲ ಸಿಟಿಯವರಿಗೆ’ ಅನ್ನುವ ಚಾಳಿ ಇವತ್ತೇ ಬಿಡಿ. ಕಷ್ಟ ಸುಳ್ಳಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಹಳ್ಳಿಮನೆಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್ನೆಟ್ ಸಿಗುತ್ತಿದ್ದದ್ದು ಶೇ 14.9ರಲ್ಲಿ. ಆಮೇಲೆ ಕಾಲ ಬದಲಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೇ, ಕೈಲಿರುವ ಫೋನಿನಲ್ಲೇ ಶುರು ಮಾಡಿ.

1. ಫೋನಿಗೆ ತಕ್ಕ ಕೋರ್ಸ್ ಹಿಡಿಯಿರಿ. ಲ್ಯಾಪ್‌ಟಾಪ್ ಬೇಡುವ ಕೋರ್ಸಿಗೆ ಸೇರಿ ಮೂರನೇ ವಾರ ಕೈಚೆಲ್ಲಬೇಡಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ನಲ್ಲಿ ಕಲಿಯುವುದು ಉಚಿತ, ಸರ್ಟಿಫಿಕೇಟ್ ಬೇಕಾದವರು ಪರೀಕ್ಷಾ ಶುಲ್ಕ ಕಟ್ಟಿದರಾಯಿತು.

2. ರಾತ್ರಿ 11ಕ್ಕೆ ಪಾಠದ ವಿಡಿಯೊ ಡೌನ್‌ಲೋಡ್ ಮಾಡಿ. ದಿನದ ಡೇಟಾ ಸಾಮಾನ್ಯವಾಗಿ 12ಕ್ಕೆ ಮುಗಿದುಹೋಗುತ್ತೆ, ಉಳಿದದ್ದು ನಾಳೆಗೆ ಸಿಗಲ್ಲ. ಕ್ವಾಲಿಟಿ 360 ಸಾಕು, ಬೋರ್ಡ್ ಮೇಲಿನ ಅಕ್ಷರ ಕಂಡರಾಯಿತಲ್ಲ! ಅಕ್ಕಿಹೆಬ್ಬಾಳಲ್ಲೋ ಪಾಂಡವಪುರದಲ್ಲೋ ಟ್ರೈನ್ ಹತ್ತಿ ಮೈಸೂರಿಗೆ ಹೋಗುವವರಿಗೆ ಬೋಗಿಯೇ ಕ್ಲಾಸ್‌ರೂಮ್.

3. ಮನೆಯ ಫೋನಿನಲ್ಲಿ ನಿಮ್ಮದೊಂದು ಗಂಟೆ ಗೊತ್ತು ಮಾಡಿಕೊಳ್ಳಿ. ನನ್ನ ಪ್ರಕಾರ ನಿಜವಾದ ತೊಡಕು ಟವರಲ್ಲ, ಫೋನಿನ ಪಾಳಿ. ಮನೆಗೊಂದೇ ಫೋನ್, ಹಗಲು ಅಪ್ಪನ ಜೇಬಲ್ಲಿ, ಸಂಜೆ ತಮ್ಮನ ಗೇಮಿಗೆ. ಮಗಳ ಪಾಳಿ ಬರುವಷ್ಟರಲ್ಲಿ ಚಾರ್ಜೇ ಇರಲ್ಲ. ಸಂಕೋಚ ಬಿಟ್ಟು ಕೇಳಿ: ‘ಅಪ್ಪಾ, ಬೆಳಗ್ಗೆ 5ರಿಂದ 6 ಫೋನ್ ನನಗೆ.’ ಅಪ್ಪ ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಒಂದು ಪಾಠ ಮುಗಿದಿರುತ್ತೆ. ತಮ್ಮ ಗೊಣಗಿದರೆ ಗೊಣಗಲಿ.

4. ಪಂಚಾಯಿತಿ ಲೈಬ್ರರಿಗೆ ಹೋಗಿ. ಈಗ ಅದರ ಹೆಸರು ಅರಿವು ಕೇಂದ್ರ. ಹಲವು ಕಡೆ ಕಂಪ್ಯೂಟರ್ ಬಂದಿದೆ. ನಿಮ್ಮೂರಲ್ಲಿ ಬೀಗ ಬಿದ್ದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

5. ಅಸೈನ್‌ಮೆಂಟ್ ಎರಡು ದಿನ ಮುಂಚೆ ಹಾಕಿ. ಕಡೇ ಗಳಿಗೆಯಲ್ಲೇ ಚಕ್ರ ಸುತ್ತುತ್ತಾ ನಿಲ್ಲೋದು. ಒಂದು ವಾರ ತಪ್ಪಿತು ಅಂತ ಕೋರ್ಸ್ ಬಿಡಬೇಡಿ: ‘ಸ್ವಯಂ’ನಲ್ಲೇ ಸಿಗುವ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ಲೆಕ್ಕಕ್ಕೆ ಬರೋದು ಚೆನ್ನಾಗಿ ಮಾಡಿದ 8 ಮಾತ್ರ.

6. ಪರೀಕ್ಷೆಗೆ ಬಸ್ ಟೈಮ್ ಈಗಲೇ ನೋಡಿ. ಕೋರ್ಸ್ ಆನ್‌ಲೈನ್, ಪರೀಕ್ಷೆ ಸೆಂಟರಿನಲ್ಲಿ. ಎನ್‌ಪಿಟಿಇಎಲ್‌ನಲ್ಲಿ ಬೆಳಗಿನ ಪಾಳಿ 9ಕ್ಕೆ, ಮಧ್ಯಾಹ್ನದ್ದು 2ಕ್ಕೆ. ನಾಗಮಂಗಲದ ಒಳಹಳ್ಳಿಯಿಂದ ಹೊರಡುವವರು, ಆಯ್ಕೆ ಸಿಕ್ಕರೆ, ಮಧ್ಯಾಹ್ನದ್ದನ್ನೇ ಟಿಕ್ ಮಾಡಿ.