ಸರಕಿಗಿಂತ ಮೊದಲು ಹೆಸರು ಗಡಿ ದಾಟಲಿ

1. ಒಂದು ದೇಶದ ಟ್ರೇಡ್‌ಮಾರ್ಕ್ (ವ್ಯಾಪಾರ ಗುರುತು) ನೋಂದಣಿ ಇನ್ನೊಂದು ದೇಶದಲ್ಲಿ ನಡೆಯದು. ಟೊಯೋಟಾ 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ಕಾರು ತಂದಿತ್ತು. ಇಲ್ಲಿ ಅದೇ ಹೆಸರನ್ನು ವಾಹನ ಬಿಡಿಭಾಗಗಳ ಸಂಸ್ಥೆಯೊಂದು 2001ರಿಂದ ಬಳಸುತ್ತಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಆ ಭಾರತೀಯ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದ ಮೇಲೆ, ದುಬೈಗೆ ಕಾಫಿಪುಡಿ ಕಳಿಸುವ ಚಿಕ್ಕಮಗಳೂರಿನ ಉದ್ಯಮಿ ಸುಮ್ಮನಿರುವಂತಿಲ್ಲ.

2. ಮೊದಲ ಅರ್ಜಿ ಭಾರತದಲ್ಲೇ ಹಾಕಿ. ಟ್ರೇಡ್‌ಮಾರ್ಕ್‌ಗಳ ಅಂತರರಾಷ್ಟ್ರೀಯ ನೋಂದಣಿಯ ಒಪ್ಪಂದವಾದ ಮ್ಯಾಡ್ರಿಡ್ ಪ್ರೋಟೋಕಾಲನ್ನು ನಾವು ಸೇರಿದ್ದು 2013ರ ಜುಲೈಯಲ್ಲಿ. ಅಂದಿನಿಂದ ಇಲ್ಲಿನ ಅರ್ಜಿಯನ್ನು ಆಧಾರವಾಗಿಟ್ಟುಕೊಂಡು, ನಮ್ಮ ರಿಜಿಸ್ಟ್ರಿಯ ಮೂಲಕವೇ ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ ಒಂದೇ ಅರ್ಜಿ ಕಳಿಸಿ ಹಲವು ದೇಶಗಳಲ್ಲಿ ರಕ್ಷಣೆ ಕೇಳಬಹುದು. ಇಲ್ಲಿ ಬರೆಯದ ಸರಕನ್ನು ಅಲ್ಲಿ ಸೇರಿಸಲಾಗದು. ಮುಂದೆ ಚಾಕೊಲೇಟನ್ನೂ ಮಾರುವ ನಿಜವಾದ ಯೋಚನೆಯಿದ್ದರೆ ಈಗಲೇ ನಮೂದಿಸಿ.

3. ಆರು ತಿಂಗಳ ಲೆಕ್ಕ ತಪ್ಪಿಸಬೇಡಿ. ಭಾರತದಲ್ಲಿ ಅರ್ಜಿ ಹಾಕಿದ ದಿನದಿಂದ ಅಷ್ಟರೊಳಗೆ ಹೊರದೇಶಗಳಿಗೆ ಅರ್ಜಿ ಹೋದರೆ ಆ ತಾರೀಖೇ ಅಲ್ಲಿಯೂ ಸಿಗುತ್ತದೆ. ನಡುವೆ ಬೇರೆಯವರು ನುಗ್ಗಿದರೂ ನೀವೇ ಮುಂದೆ.

4. ಮೊದಲ ಐದು ವರ್ಷ ಮೈಯೆಲ್ಲಾ ಕಣ್ಣಾಗಿರಿ. ಬಹಳ ಜನ ಎಡವುವುದು ಇಲ್ಲೇ. ಈ ಅವಧಿಯಲ್ಲಿ ಭಾರತದ ಮೂಲ ಅರ್ಜಿ ತಿರಸ್ಕೃತವಾದರೆ ಅಥವಾ ನೋಂದಣಿ ರದ್ದಾದರೆ, ಅಷ್ಟೂ ದೇಶಗಳ ರಕ್ಷಣೆ ಒಟ್ಟಿಗೆ ಕುಸಿಯುತ್ತದೆ. ಆಮೇಲೆ ಮೂರು ತಿಂಗಳೊಳಗೆ ಒಂದೊಂದು ದೇಶಕ್ಕೂ ಪ್ರತ್ಯೇಕ ಅರ್ಜಿಯಾಗಿ ಬದಲಿಸಿಕೊಂಡು ತಾರೀಖು ಉಳಿಸಿಕೊಳ್ಳಬಹುದು, ಆದರೆ ಖರ್ಚು ವಿಪರೀತ. ಆದ್ದರಿಂದ ಇಲ್ಲೇ ಆಕ್ಷೇಪಣೆ ಎದುರಿಸುತ್ತಿರುವ ಹೆಸರಿನ ಮೇಲೆ ಹತ್ತು ದೇಶಗಳ ಶುಲ್ಕ ಸುರಿಯಬೇಡಿ ಎಂದೇ ನನ್ನ ಖಚಿತ ಸಲಹೆ.

5. ಕೈಗೆ ಸಿಕ್ಕ ದೇಶಗಳನ್ನೆಲ್ಲ ಆರಿಸಬೇಡಿ. ಕಪ್ಪು-ಬಿಳುಪು ಗುರುತಿಗೆ ಮೂಲ ಶುಲ್ಕ 653 ಸ್ವಿಸ್ ಫ್ರಾಂಕ್, ಬಣ್ಣದ್ದಾದರೆ 903. ಪ್ರತಿ ದೇಶದ ಶುಲ್ಕ ಬೇರೆ. ಯುರೋಪಿಯನ್ ಒಕ್ಕೂಟ ಒಂದನ್ನು ಆರಿಸಿದರೆ 27 ದೇಶಗಳು ಬರುತ್ತವೆ.

6. ಚೀನಾದಲ್ಲಿ ತಡ ಮಾಡಲೇಬೇಡಿ. ಅಲ್ಲಿ ಸಾಮಾನ್ಯವಾಗಿ ಹಕ್ಕು ಮೊದಲು ಅರ್ಜಿ ಹಾಕಿದವರದು. ಚೀನೀ ಲಿಪಿಯ ಹೆಸರನ್ನೂ ನೀವೇ ಆರಿಸಿ ನೋಂದಾಯಿಸಿ.

7. ಜಿನೀವಾದಿಂದ ಪತ್ರ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಪ್ರತಿ ದೇಶವೂ ತನ್ನ ಕಾನೂನಿನಂತೆ ಪರೀಕ್ಷಿಸಿ 12 ತಿಂಗಳಲ್ಲಿ, ಕೆಲವು ಕಡೆ 18 ತಿಂಗಳಲ್ಲಿ, ನಿರಾಕರಣೆ ತಿಳಿಸಬಹುದು. ಉತ್ತರ ಕೊಡಲು ಸಾಮಾನ್ಯವಾಗಿ ಅಲ್ಲಿನ ವಕೀಲರೇ ಬೇಕು. ಆ ಹಣವನ್ನು ಮೊದಲೇ ತೆಗೆದಿಡಿ. ನವೀಕರಣ ಹತ್ತು ವರ್ಷಕ್ಕೊಮ್ಮೆ. ಅಮೆರಿಕದಲ್ಲಂತೂ ಐದು-ಆರನೆಯ ವರ್ಷದ ನಡುವೆ ಹೆಸರು ಬಳಕೆಯಲ್ಲಿದೆ ಎಂಬ ಘೋಷಣೆ ಸಲ್ಲಿಸಬೇಕು. ಅಲ್ಲಿನ ಬಿಲ್ಲು, ಲೇಬಲ್, ಪೊಟ್ಟಣದ ಫೋಟೋಗಳನ್ನು ಮೊದಲ ರವಾನೆಯಿಂದಲೇ ಕಡತದಲ್ಲಿಡಿ.