ಬಿಸಿಲು ಅಳೆಯುವವರಿಗೆ ಆರು ಸೂತ್ರಗಳು

ಪಾವಗಡದಂಥ ಸೋಲಾರ್ ಪಾರ್ಕುಗಳಲ್ಲಿ ಪ್ಯಾನೆಲ್‌ಗಳು ಸರಿಯಾಗಿ ದುಡಿಯುತ್ತಿವೆಯೇ ಎಂಬ ಲೆಕ್ಕಕ್ಕೆ ಆಧಾರ ಪೈರನೋಮೀಟರ್ ಎಂಬ ಪುಟ್ಟ ಉಪಕರಣ. ಗಾಜಿನ ಗುಮ್ಮಟದೊಳಗೆ ಕಪ್ಪು ಬಳಿದ ಬಿಲ್ಲೆಯೊಂದು ಬಿಸಿಲಿಗೆ ಕಾಯುತ್ತದೆ. ಅದರಡಿಯ ಥರ್ಮೋಪೈಲ್ ಆ ಕಾವನ್ನು ಮೈಕ್ರೋವೋಲ್ಟ್‌ಗಳಾಗಿಸುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಇದನ್ನು ಓದಿ.

1. ಯಾವ ಬಿಸಿಲು ಬೇಕೆಂದು ಮೊದಲು ನಿರ್ಧರಿಸಿ. ಇಡೀ ಆಕಾಶದಿಂದ ಬರುವುದಕ್ಕೆ ಪೈರನೋಮೀಟರ್. ಸೂರ್ಯನಿಂದ ನೇರ ಬರುವುದಷ್ಟಕ್ಕೆ ಪೈರ್‌ಹೀಲಿಯೋಮೀಟರ್. ಎರಡನೆಯದರ ನೋಟ ಸುಮಾರು 5 ಡಿಗ್ರಿ ಮಾತ್ರ, ಹಾಗಾಗಿ ಸೂರ್ಯನ ಜೊತೆ ತಿರುಗುವ ಟ್ರ್ಯಾಕರ್ ಇರಲೇಬೇಕು.

2. ರಸಮಟ್ಟದ ಗುಳ್ಳೆ ನಡುವೆಯೇ ಇರಲಿ. ಬೆಳಗು, ಸಂಜೆಯ ಓರೆ ಬಿಸಿಲಿನಲ್ಲಿ ಸಣ್ಣ ವಾಲಿಕೆಯೂ ಅಂಕಿ ಕೆಡಿಸುತ್ತದೆ. ಪ್ಯಾನೆಲ್ ಪಕ್ಕದ ಉಪಕರಣ ಮಾತ್ರ ಪ್ಯಾನೆಲಿನಷ್ಟೇ ವಾಲಿರಬೇಕು.

3. ಗುಮ್ಮಟವನ್ನು ಬೆಳಗ್ಗೆಯೇ ಒರೆಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ದೂಳು ಕೂತ ಗುಮ್ಮಟ ಬಿಸಿಲನ್ನು ಕಡಿಮೆ ತೋರಿಸುತ್ತದೆ. ಆಗ ವಿದ್ಯುತ್ ತಗ್ಗಿದ್ದಕ್ಕೆ ಬಿಸಿಲೇ ಇರಲಿಲ್ಲ ಅನ್ನಿಸುತ್ತದೆ, ಪ್ಯಾನೆಲ್ ಮೇಲಿನ ದೂಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಳೆಯಾದ ಉಪಕರಣ ಸೊರಗಿದ ಘಟಕವನ್ನೂ ಚೆನ್ನಾಗಿದೆ ಎಂದು ತೋರಿಸಿಬಿಡುತ್ತದೆ. ಮೆತ್ತನೆ ಬಟ್ಟೆ, ಡಿಸ್ಟಿಲ್ಡ್ ವಾಟರ್ ಸಾಕು. ಇಬ್ಬನಿಯನ್ನೂ ಬಿಡಬೇಡಿ. ಒರೆಸಿದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡಿ.

4. ಉಪಕರಣದೊಳಗಿನ ತೇವ ಹೀರುವ ಸಿಲಿಕಾ ಜೆಲ್‌ನ ಬಣ್ಣ ಬದಲಾದರೆ ಕೂಡಲೇ ಬದಲಿಸಿ.

5. ರಾತ್ರಿಯ ಅಂಕಿಗಳನ್ನು ಅಳಿಸಬೇಡಿ. ತಿಳಿಯಾದ ರಾತ್ರಿ ಗುಮ್ಮಟ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಆದ್ದರಿಂದ ಸೊನ್ನೆಗಿಂತ ಕೆಲವು ವ್ಯಾಟ್ ಕೆಳಗಿನ ಅಂಕಿ ಸಹಜ. ಕತ್ತಲಲ್ಲೂ ಹತ್ತಾರು ವ್ಯಾಟ್ ತೋರಿದರೆ ವೈರು, ಜೋಡಣೆ ಪರೀಕ್ಷಿಸಿ.

6. ಒಳ್ಳೆಯ ಉಪಕರಣ ಇದೆಯೆಂದು ಲೆಕ್ಕವನ್ನು ನಂಬಿಬಿಡಬೇಡಿ. 1881ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ತಾವೇ ರೂಪಿಸಿದ, ಶಾಖಕಿರಣ ಅಳೆಯುವ ಬೋಲೋಮೀಟರ್ ಹೊತ್ತು ಮೌಂಟ್ ವಿಟ್ನಿ ಪರ್ವತ ಏರಿದರು. ಉಪಕರಣ ಬಹಳ ಸೂಕ್ಷ್ಮವಾಗಿತ್ತು. ಆದರೆ ವಾತಾವರಣ ಹೀರಿಕೊಂಡ ಪಾಲನ್ನು ಸೇರಿಸುವ ಲೆಕ್ಕ ತಪ್ಪಿ, ವಾತಾವರಣದಾಚೆಯ ಬಿಸಿಲಿನ ಅಳತೆಯಾದ ಸೌರ ಸ್ಥಿರಾಂಕ ನಿಜಕ್ಕಿಂತ ಬಹಳ ಹೆಚ್ಚು ಬಂತು. ಇಂದು ಒಪ್ಪಿರುವ ಬೆಲೆ ಚದರ ಮೀಟರಿಗೆ ಸುಮಾರು 1361 ವ್ಯಾಟ್. ನೀವು ನೇರ ಬಿಸಿಲಿನ ಸಮತಲ ಪಾಲಿಗೆ ಚದುರಿದ ಬೆಳಕನ್ನು ಕೂಡಿಸಿ, ಮೊತ್ತ ಪೈರನೋಮೀಟರಿನ ಅಂಕಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಮೊದಲು ಟ್ರ್ಯಾಕರ್ ನೋಡಿ. ಎರಡು ವರ್ಷಕ್ಕೊಮ್ಮೆಯಾದರೂ ಕ್ಯಾಲಿಬ್ರೇಷನ್‌ಗೆ ಕಳಿಸಿ. ಜಗತ್ತಿನ ಮೂಲ ಅಳತೆಗೋಲು ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿದೆ. ಐದು ವರ್ಷಕ್ಕೊಮ್ಮೆ ದೇಶದೇಶಗಳ ಪೈರ್‌ಹೀಲಿಯೋಮೀಟರ್‌ಗಳು ಅಲ್ಲಿ ಸೇರಿ, ಒಂದೇ ಸೂರ್ಯನತ್ತ ಮುಖಮಾಡಿ ತಾಳೆ ನೋಡಿಕೊಳ್ಳುತ್ತವೆ. ನಿಮ್ಮ ಉಪಕರಣದ ಪ್ರಮಾಣಪತ್ರ ಆ ಸರಪಳಿಗೆ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.